ಹಾಟ್ ಟಬ್‌ಗೆ ಡಿಸ್‌ಕನೆಕ್ಟ್ ಬಾಕ್ಸ್ ಹಾಕುವ ಸಮಗ್ರ ಮಾರ್ಗದರ್ಶಿ: ನೇಮ್‌ಪ್ಲೇಟ್ ಓದುವುದರಿಂದ ಕೊನೆಯ ಟೆಸ್ಟ್‌ವರೆಗೆ

ಅಮೆರಿಕದಲ್ಲಿರುವ ಗೆಳೆಯರಿಂದ ನನಗೆ ಒಂದೇ ತೊಂದರೆಗೆ ಪದೇಪದೇ ಫೋನ್ ಬರುತ್ತದೆ. ಹಾಟ್ ಟಬ್ ಬಂದಾಯ್ತು, ಟಬ್ಬಿನ ಕರೆಂಟ್ ಕಡಿಯುವ ಡಿಸ್‌ಕನೆಕ್ಟ್ ಬಾಕ್ಸನ್ನು ಗೋಡೆಗೆ ಕೂರಿಸಿಯಾಯ್ತು, ವೈರ್ ಎಳೆದಾಯ್ತು. ಬ್ರೇಕರ್ ಆನ್ ಮಾಡಿದ ಕೂಡಲೇ ಟಪ್ ಅಂತ ಟ್ರಿಪ್ ಆಗುತ್ತದೆ. ಇಲ್ಲವೇ ಇನ್‌ಸ್ಪೆಕ್ಟರ್ ಬಂದು ನೋಡಿ ಫೇಲ್ ಮಾಡಿ ಹೋಗಿರುತ್ತಾರೆ. ವಿಚಾರಿಸಿದರೆ ಹೆಚ್ಚಿನ ಸಲ ಸಾಮಾನಿನದ್ದು ತಪ್ಪಿರುವುದಿಲ್ಲ. ಕೆಲಸ ಮಾಡಿದ ಕ್ರಮ ತಪ್ಪಿರುತ್ತದೆ, ಇಲ್ಲವೇ ಒಂದು ಬಿಳಿ ವೈರ್ ತಪ್ಪು ಜಾಗದಲ್ಲಿ ಕೂತಿರುತ್ತದೆ.

ಇಲ್ಲಿ ಬರೆದಿರುವುದು ಅಮೆರಿಕದ ಸ್ವಂತ ಮನೆಯ ಹಿತ್ತಲಿನಲ್ಲಿ, ನೆಲದ ಮೇಲೆ ಇಡುವ, 240 ವೋಲ್ಟ್‌ನ ರೆಡಿಮೇಡ್ ಟಬ್‌ಗೆ ಮಾತ್ರ. 120 ವೋಲ್ಟ್‌ನ ಪ್ಲಗ್ ಹಾಕುವ ಚಿಕ್ಕ ಟಬ್ ಆದರೆ ಈ ಬಾಕ್ಸಿನ ಗೊಡವೆ ಇಲ್ಲ. ಊರಲ್ಲಿ, ಅಂದರೆ ಕರ್ನಾಟಕದ ಮನೆಗೆ ಟಬ್ ಹಾಕಿಸುವವರು ಇದನ್ನು ನೋಡಿ ವೈರಿಂಗ್ ಮಾಡಬೇಡಿ. ಅಲ್ಲಿನ ಸಪ್ಲೈ ಬೇರೆ, ಬಣ್ಣ ಬೇರೆ, ನಿಯಮವೂ ಬೇರೆ.

ಇನ್ನೊಂದು ಮಾತು. ಅಮೆರಿಕದ ವೈರಿಂಗ್ ನಿಯಮಗಳ ಪುಸ್ತಕ ಎನ್‌ಇಸಿ 3 ವರ್ಷಕ್ಕೊಮ್ಮೆ ಬದಲಾಗುತ್ತದೆ. ಯಾವ ಆವೃತ್ತಿ ನಡೆಯುತ್ತದೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಈಜುಕೊಳ, ಸ್ಪಾ, ಹಾಟ್ ಟಬ್ ವಿಷಯ ಅದರ 680ನೇ ಆರ್ಟಿಕಲ್‌ನಲ್ಲಿದೆ. ಕೆಳಗಿನ ಅಳತೆಗಳು ಅಲ್ಲಿನವು. ನಿಮ್ಮ ಸಿಟಿ ಅಥವಾ ಕೌಂಟಿಯ ಬಿಲ್ಡಿಂಗ್ ಆಫೀಸು ಇನ್ನೂ ಬಿಗಿಯಾದ ಅಳತೆ ಕೇಳಿದರೆ ಅದೇ ಕೊನೆ ಮಾತು.

## ಶುರು ಮಾಡುವ ಮುಂಚೆ: ಊರಿನ ಅಭ್ಯಾಸ ಮೂರು ಬಿಡಬೇಕು

ನಮ್ಮವರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಇಲ್ಲಿನ ಗೈಡ್‌ಗಳಲ್ಲಿ ಇದು ಇರುವುದಿಲ್ಲ, ಯಾಕಂದರೆ ಅವುಗಳನ್ನು ಬರೆದವರಿಗೆ ಈ ಅಭ್ಯಾಸ ಇಲ್ಲ.

ಒಂದು, ಕಪ್ಪು ವೈರ್. ನಾವು ಊರಲ್ಲಿ ನೋಡಿ ಬೆಳೆದದ್ದು ಕೆಂಪು ಅಂದ್ರೆ ಫೇಸ್, ಕಪ್ಪು ಅಂದ್ರೆ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ಅಂದ್ರೆ ಕರೆಂಟ್ ಇರುವ ವೈರ್. ನ್ಯೂಟ್ರಲ್ ಇಲ್ಲಿ ಬಿಳಿ. ಕೈ ತನ್ನ ಪಾಡಿಗೆ ಕಪ್ಪಿನ ಕಡೆ ಧೈರ್ಯವಾಗಿ ಹೋಗುತ್ತದೆ. ಅದನ್ನು ತಡೆಯಬೇಕು.

ಎರಡು, 240 ಅನ್ನುವ ಅಂಕಿ. ಊರಿನ 230 ವೋಲ್ಟ್ ಒಂದು ಫೇಸ್ ಮತ್ತು ಒಂದು ನ್ಯೂಟ್ರಲ್ ನಡುವೆ ಸಿಗುತ್ತದೆ. ಇಲ್ಲಿ ಕಪ್ಪು ಮತ್ತು ಕೆಂಪು ಎರಡೂ ಜೀವಂತ. ಎರಡರ ನಡುವೆ 240, ಒಂದೊಂದಕ್ಕೂ ನ್ಯೂಟ್ರಲ್‌ಗೂ ನಡುವೆ 120. ಒಂದನ್ನು ಕಡಿದರೆ ಇನ್ನೊಂದು ಹಾಗೇ ಇರುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬೀಳಿಸುವ ಡಬಲ್ ಪೋಲ್ ಬ್ರೇಕರ್ರೇ ಬೇಕು.

ಮೂರು, ಸ್ಕ್ರೂಡ್ರೈವರ್ ಟೆಸ್ಟರ್. ಸೂಟ್‌ಕೇಸಿನಲ್ಲಿ ಊರಿಂದ ತಂದದ್ದು ಎಷ್ಟೋ ಮನೆಗಳಲ್ಲಿದೆ. ಹಿತ್ತಲಿನ ಬಿಸಿಲಲ್ಲಿ ಅದರ ಮಿಣುಕು ಕಾಣುವುದೇ ಇಲ್ಲ. ದೀಪ ಉರಿಯಲಿಲ್ಲ, ಅಂದರೆ ಕರೆಂಟ್ ಇಲ್ಲ ಅಂತ ಅಂದುಕೊಂಡು ಕೈ ಹಾಕಬೇಡಿ. ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಅಳೆದು ಮೀಟರ್ ಸರಿ ಇದೆಯೇ ನೋಡಿ. ಆಮೇಲೆ ನಿಮ್ಮ ವೈರ್ ನೋಡಿ. ಆಮೇಲೆ ಮತ್ತೊಮ್ಮೆ ಮೊದಲಿನ ಜಾಗದಲ್ಲಿ ನೋಡಿ. ಈ ಮೂರು ಅಳತೆ ಆಗದೆ ಯಾವ ವೈರನ್ನೂ ಮುಟ್ಟಬಾರದು.

## ಹಂತ 1: ಟಬ್ಬಿನ ನೇಮ್‌ಪ್ಲೇಟ್ ಓದಿ

ಅಂಗಡಿಯವರು ಹೇಳಿದ ಆಂಪ್ ಲೆಕ್ಕಕ್ಕಿಲ್ಲ. ಟಬ್ಬಿನ ಒಂದು ಬದಿಯ ಬಾಗಿಲು ತೆಗೆದರೆ ಒಳಗೆ ಪಂಪು, ಹೀಟರ್, ಕಂಟ್ರೋಲ್ ಪೆಟ್ಟಿಗೆ ಕಾಣುತ್ತವೆ. ಅಲ್ಲೇ ಲೇಬಲ್ ಇರುತ್ತದೆ. ಅದರಲ್ಲಿ ಮೂರು ವಿಷಯ ಹುಡುಕಿ: ಎಷ್ಟು ಆಂಪಿನ ಬ್ರೇಕರ್, ಎಷ್ಟು ವೈರ್, ಯಾವ ಗಾತ್ರದ ವೈರ್.

ದೊಡ್ಡ ಟಬ್‌ಗಳು ಬಹಳಷ್ಟು 50 ಆಂಪ್ ಕೇಳುತ್ತವೆ. 40, 60 ಕೇಳುವವೂ ಇವೆ. ಒಂದೇ 50ರ ಬದಲು 20 ಮತ್ತು 30ರ ಎರಡು ಬ್ರೇಕರ್ ಇರುವ ಬಾಕ್ಸ್ ಬೇಕೆನ್ನುವ ಟಬ್ಬೂ ಇದೆ. ಅಂಥದ್ದಕ್ಕೆ ಸಾಮಾನ್ಯ ಸ್ಪಾ ಪ್ಯಾನೆಲ್ (ಅಂಗಡಿಯಲ್ಲಿ ಡಿಸ್‌ಕನೆಕ್ಟ್ ಬಾಕ್ಸ್‌ಗೆ ಇದೇ ಹೆಸರು) ತಂದು ಹೊಂದಿಸಲು ಹೋಗಬೇಡಿ. ಕಂಪನಿಯ ಪುಸ್ತಕದಲ್ಲಿರುವ ಬಾಕ್ಸನ್ನೇ ತನ್ನಿ.

ವೈರ್ ಸಂಖ್ಯೆ ನೋಡಿ. ಕೆಲವು ಟಬ್‌ಗೆ ನಾಲ್ಕು ವೈರ್: ಕಪ್ಪು, ಕೆಂಪು, ಬಿಳಿ, ಹಸಿರು. ಕೆಲವಕ್ಕೆ ಮೂರೇ, ಬಿಳಿ ಬೇಡ. ಇದು ಮುಂದೆ ದೊಡ್ಡ ಗೊಂದಲ ಎಬ್ಬಿಸುತ್ತದೆ, ಈಗಲೇ ಬರೆದಿಟ್ಟುಕೊಳ್ಳಿ.

ನಂತರ ಮನೆಯ ಲೋಡ್. 240 ವೋಲ್ಟ್, 50 ಆಂಪ್ ಅಂದರೆ 12,000 ವ್ಯಾಟ್‌ನ ದಾರಿ. ಮನೆಗೆ ಬರುವ ಸರ್ವೀಸೇ 100 ಆಂಪ್ ಇದ್ದು, ಜೊತೆಗೆ ಎಲೆಕ್ಟ್ರಿಕ್ ಒಲೆ, ಡ್ರೈಯರ್, ಎಸಿ, ಕಾರ್ ಚಾರ್ಜರ್ ಇದ್ದರೆ ಟಬ್‌ಗೆ ಜಾಗ ಇರದೆ ಹೋಗಬಹುದು. ಮೇನ್ ಪ್ಯಾನೆಲ್‌ನಲ್ಲಿ, ಅಂದರೆ ಮನೆಯ ಬ್ರೇಕರ್‌ಗಳೆಲ್ಲ ಇರುವ ಪೆಟ್ಟಿಗೆಯಲ್ಲಿ, ಎರಡು ಖಾಲಿ ಸ್ಲಾಟ್ ಇದೆ ಅಂದ ಮಾತ್ರಕ್ಕೆ ಶಕ್ತಿ ಇದೆ ಅಂತಲ್ಲ. ಲೋಡ್ ಲೆಕ್ಕ ಮಾಡಿಸಿ. ಟಬ್ ಖರೀದಿಸುವ ಮೊದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.

## ಹಂತ 2: ಪರ್ಮಿಟ್, ಮತ್ತೆ 811ಕ್ಕೆ ಫೋನ್

ಎಷ್ಟೋ ಕಡೆ ಸ್ವಂತ ಮನೆಯಲ್ಲಿ ವಾಸ ಇರುವವರೇ ಪರ್ಮಿಟ್ ತೆಗೆದುಕೊಂಡು ಕೆಲಸ ಮಾಡಬಹುದು. ಕೆಲವು ಕಡೆ ಲೈಸೆನ್ಸ್ ಇರುವವರೇ ಮಾಡಬೇಕು. ನಿಮ್ಮ ಸಿಟಿ ಅಥವಾ ಕೌಂಟಿಯ ಬಿಲ್ಡಿಂಗ್ ಆಫೀಸಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಪರ್ಮಿಟ್ ಸುಮ್ನೆ ಖರ್ಚು ಅಂತ ಬಿಡಬೇಡಿ. ತಿಳಿದ ಇನ್ನೊಬ್ಬರು ನಿಮ್ಮ ಕೆಲಸ ನೋಡುತ್ತಾರಲ್ಲ, ಅದರ ಬೆಲೆ ದೊಡ್ಡದು. ನೀರಲ್ಲಿ ಕೂರುವವರು ನಿಮ್ಮ ಮಕ್ಕಳು.

ಅಗೆಯುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ. ಇದು ಉಚಿತ. ಅವರು ಬಂದು ನೆಲದಡಿ ಯಾವ ಲೈನ್ ಎಲ್ಲಿ ಹೋಗಿದೆ ಅಂತ ನೆಲದ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ: ಕೆಂಪು ಕರೆಂಟ್, ಹಳದಿ ಗ್ಯಾಸ್, ಕಿತ್ತಳೆ ಫೋನ್-ಇಂಟರ್ನೆಟ್, ನೀಲಿ ಕುಡಿಯುವ ನೀರು, ಹಸಿರು ಚರಂಡಿ. ಒಂದು ಎಚ್ಚರ: ಮನೆಯವರೇ ಹಾಕಿಸಿಕೊಂಡ ಲೈನ್‌ಗಳನ್ನು ಅವರು ಗುರುತು ಮಾಡುವುದಿಲ್ಲ. ಸ್ಪ್ರಿಂಕ್ಲರ್ ಪೈಪು, ಶೆಡ್‌ಗೆ ಹೋದ ವೈರ್, ಬಾರ್ಬೆಕ್ಯೂಗೆ ಎಳೆದ ಗ್ಯಾಸ್ ಲೈನ್ ಇವೆಲ್ಲ ನಿಮ್ಮ ಜವಾಬ್ದಾರಿ.

## ಹಂತ 3: ಬಾಕ್ಸ್‌ಗೆ ಜಾಗ ಗೊತ್ತು ಮಾಡಿ

ಡಿಸ್‌ಕನೆಕ್ಟ್ ಇರುವುದು ಯಾಕೆ ಅಂತ ಮನಸ್ಸಿನಲ್ಲಿಟ್ಟುಕೊಂಡರೆ ಜಾಗ ತಾನಾಗಿ ಸಿಗುತ್ತದೆ. ರಿಪೇರಿಯವರು ಟಬ್ಬಿನ ಬದಿಯಲ್ಲಿ ಮಂಡಿಯೂರಿ ಕೂತು ಪಂಪಿಗೆ ಕೈ ಹಾಕಿದಾಗ, ತಲೆ ಎತ್ತಿ ನೋಡಿದರೆ ಬಾಕ್ಸ್ ಕಾಣಬೇಕು. ಯಾರೂ ಅವರಿಗೆ ಗೊತ್ತಾಗದೆ ಆನ್ ಮಾಡುವ ಹಾಗಿರಬಾರದು. ಹಾಗೇ ನೀರಲ್ಲಿ ಕೂತವರ ಕೈಗೆ ಅದು ಎಟುಕಲೂಬಾರದು.

ಇದರಿಂದ ಎರಡು ಅಳತೆ ಬರುತ್ತವೆ. ಟಬ್ಬಿನ ಒಳಗೋಡೆಯಿಂದ ಅಡ್ಡಲಾಗಿ ಕನಿಷ್ಠ 5 ಅಡಿ ದೂರ. ಹೆಚ್ಚೆಂದರೆ 50 ಅಡಿ, ಅದೂ ಕಣ್ಣಿಗೆ ನೇರ ಕಾಣುವಂತೆ. ಮನೆಯ ಮೂಲೆ ತಿರುಗಿ 10 ಅಡಿಯಲ್ಲಿದ್ದರೂ ಅದು ಪಾಸಾಗುವುದಿಲ್ಲ, ಯಾಕಂದರೆ ಕಾಣುವುದಿಲ್ಲ.

ಬಾಕ್ಸಿನ ಮುಂದೆ 3 ಅಡಿ ಆಳ, 30 ಇಂಚು ಅಗಲ ಖಾಲಿ ಇರಬೇಕು. ಎಸಿ ಯೂನಿಟ್ ಹಿಂದೆ, ಗುಲಾಬಿ ಗಿಡದ ನಡುವೆ, ಬೀಗ ಹಾಕುವ ಶೆಡ್ ಒಳಗೆ ಬೇಡ. ಬ್ರೇಕರ್ ಹಿಡಿ ನಿಂತ ನೆಲದಿಂದ 6 ಅಡಿ 7 ಇಂಚಿಗಿಂತ ಮೇಲೆ ಹೋಗಬಾರದು. ಎದೆಯ ಮಟ್ಟದಲ್ಲಿದ್ದರೆ ಎಲ್ಲರಿಗೂ ಅನುಕೂಲ.

ಜನ ಜಾಸ್ತಿ ಮರೆಯುವುದು ಟಬ್ಬಿನ ಮುಚ್ಚಳವನ್ನು. ಲಿಫ್ಟರ್ ಹಾಕಿದ ಮುಚ್ಚಳ ತೆರೆದಾಗ ಟಬ್ಬಿನ ಹಿಂದೆ ಗೋಡೆಯಂತೆ ನಿಲ್ಲುತ್ತದೆ. ಮುಚ್ಚಿದಾಗ ಚೆನ್ನಾಗಿ ಕಾಣುವ ಬಾಕ್ಸ್ ತೆರೆದಾಗ ಮರೆಯಾಗಿಬಿಡುತ್ತದೆ. ಟಬ್ ಇಡುವ ಜಾಗದಲ್ಲಿ ನೆಲದ ಮೇಲೆ ಹಗ್ಗ ಹಾಸಿ, ಪಂಪಿನ ಬಾಗಿಲು ಯಾವ ಬದಿ ಬರುತ್ತದೆ, ಮುಚ್ಚಳ ಯಾವ ಕಡೆ ಬೀಳುತ್ತದೆ ಅಂತ ಗುರುತು ಮಾಡಿ. ಆಮೇಲೆ ಪಂಪಿನ ಬಾಗಿಲಿನ ಮುಂದೆ ಕೂತು ನೋಡಿ. ಐದು ನಿಮಿಷದ ಕೆಲಸ.

ಗೋಡೆ ಹತ್ತಿರ ಇಲ್ಲದಿದ್ದರೆ ನೆಲಕ್ಕೆ ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸಿ. ಪಕ್ಕದ ಮನೆಯವರ ಜೊತೆ ಹಂಚಿಕೊಂಡ ಬೇಲಿಗೆ ಬಾಕ್ಸ್ ಹೊಡೆಯುವುದು ನನಗೆ ಇಷ್ಟವಿಲ್ಲ. ಬೇಲಿ ಗಾಳಿಗೆ ಅಲುಗಾಡುತ್ತದೆ, ನಾಳೆ ಅವರು ಬೇಲಿ ಕೀಳಿಸಲೂಬಹುದು.

ಇದೇ ಹೊತ್ತಲ್ಲಿ ಇನ್ನೆರಡು ವಿಷಯ ನೋಡಿಬಿಡಿ. ಟಬ್ಬಿನಿಂದ 6 ಅಡಿಗಿಂತ ದೂರ, 20 ಅಡಿ ಒಳಗೆ ಒಂದು ಸಾಮಾನ್ಯ 120 ವೋಲ್ಟ್ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ) ಸಾಕೆಟ್ ಇರಬೇಕು. ಮತ್ತೆ ಟಬ್ಬಿನ ಮೇಲೆ ಕರೆಂಟ್ ತಂತಿ ಹಾದುಹೋಗಿದೆಯಾ, ತಲೆ ಎತ್ತಿ ನೋಡಿ. ಹೋಗಿದ್ದರೆ ಟಬ್ಬಿನ ಜಾಗವನ್ನೇ ಬದಲಿಸಿ.

ಡೆಕ್ ಕೊರೆದು ಟಬ್ಬನ್ನು ಒಳಗೆ ಇಳಿಸುವ ಯೋಚನೆ ಇದ್ದರೆ ಇಲ್ಲಿ ನಿಲ್ಲಿ. ಟಬ್ಬಿನ ಅಂಚು ಸುತ್ತಲಿನ 30 ಇಂಚಿನೊಳಗಿನ ನೆಲಕ್ಕಿಂತ ಕನಿಷ್ಠ 28 ಇಂಚು ಮೇಲೆ ಇದ್ದರೆ, ಮತ್ತು ಟಬ್ಬಿನ ಲೇಬಲ್‌ನಲ್ಲಿ ನೆಲದ ಮೇಲೆ ಇಡುವ ರೆಡಿಮೇಡ್ ಸ್ಪಾ ಅಂತ ಇದ್ದರೆ, ಸುತ್ತಲಿನ ನೆಲಕ್ಕೆ ಬಾಂಡಿಂಗ್ ತಂತಿ (ನೆಲ, ಲೋಹದ ಭಾಗ ಎಲ್ಲವನ್ನೂ ಒಟ್ಟಿಗೆ ಕೂಡಿಸುವ ತಂತಿ) ಹಾಸುವುದರಿಂದ ವಿನಾಯಿತಿ ಸಿಗುತ್ತದೆ. ಒಳಗೆ ಇಳಿಸಿದರೆ ಆ ವಿನಾಯಿತಿ ಹೋಗುತ್ತದೆ. ಆಗ 8 ಗೇಜ್‌ನ ಗಟ್ಟಿ ತಾಮ್ರದ ತಂತಿಯಿಂದ ಟಬ್ಬಿನ ಸುತ್ತ ಬಾಂಡಿಂಗ್ ಆಗಬೇಕು. ಅದು ಬೇರೆಯೇ ಕೆಲಸ, ಅದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

## ಬೇಕಾಗುವ ಸಾಮಾನು

50 ಆಂಪ್, ನಾಲ್ಕು ವೈರಿನ ಟಬ್‌ಗೆ ಲೆಕ್ಕ ಹೇಳುತ್ತೇನೆ.

- 50 ಆಂಪ್ ಜಿಎಫ್‌ಸಿಐ ಬ್ರೇಕರ್ ಇರುವ, ಹೊರಗೆ ಹಾಕುವ ಸ್ಪಾ ಪ್ಯಾನೆಲ್.
- ಮೇನ್ ಪ್ಯಾನೆಲ್‌ಗೆ 50 ಆಂಪ್ ಡಬಲ್ ಪೋಲ್ ಸಾದಾ ಬ್ರೇಕರ್. ಪ್ಯಾನೆಲ್ ಬಾಗಿಲಿನ ಲೇಬಲ್‌ನಲ್ಲಿ ಹೇಳಿರುವ ಮಾದರಿಯದ್ದೇ ಆಗಬೇಕು. ಹೇಗೋ ಕೂರುತ್ತದೆ ಅಂತ ಬೇರೆ ಕಂಪನಿಯದ್ದು ಹಾಕಬೇಡಿ.
- 6 ಗೇಜ್ ತಾಮ್ರದ, ಒದ್ದೆ ಜಾಗಕ್ಕೂ ಆಗುವ ಟಿಎಚ್‌ಡಬ್ಲ್ಯೂಎನ್-2 ವೈರ್: ಕಪ್ಪು, ಕೆಂಪು, ಬಿಳಿ. (ಗೇಜ್ ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ.) ಹಸಿರು 10 ಗೇಜ್ ತಾಮ್ರ, ಇನ್ಸುಲೇಷನ್ ಇರುವಂಥದ್ದು.
- 1 ಇಂಚಿನ ಬೂದು ಬಣ್ಣದ ಪಿವಿಸಿ ಎಲೆಕ್ಟ್ರಿಕಲ್ ಕಾಂಡ್ಯೂಟ್ (ವೈರ್ ಹೋಗುವ ಪೈಪು), ಅದರ ಬೆಂಡ್‌ಗಳು, ಅಂಟು, ಟಬ್ ಹತ್ತಿರಕ್ಕೆ ಸ್ವಲ್ಪ ನೀರು ನುಗ್ಗದ ಲಿಕ್ವಿಡ್‌ಟೈಟ್ ಫ್ಲೆಕ್ಸಿಬಲ್ ಪೈಪು.
- ಮಲ್ಟಿಮೀಟರ್, ಟಾರ್ಕ್ ಸ್ಕ್ರೂಡ್ರೈವರ್, ವೈರ್ ಸ್ಟ್ರಿಪ್ಪರ್, ಫಿಶ್ ಟೇಪ್ (ಪೈಪಿನೊಳಗಿಂದ ವೈರ್ ಎಳೆಯುವ ಪಟ್ಟಿ), ಡಕ್ಟ್ ಸೀಲ್ ಮೇಣ, ಕನ್ನಡಕ, ಕೈಗವಸು.

ಬಿಳಿ ಬಣ್ಣದ ನೀರಿನ ಪಿವಿಸಿ ಪೈಪು ಅಗ್ಗ ಅಂತ ತರಬೇಡಿ, ಅದು ವೈರ್‌ಗೆ ಅಲ್ಲ.

ಬಣ್ಣದ ವಿಷಯದಲ್ಲಿ ನಾನು ಪಟ್ಟ ಪಾಡು ಹೇಳಬೇಕು. ನನ್ನ ಮನೆಗೆ ಹಾಕುವಾಗ ಅಂಗಡಿಯಲ್ಲಿ ಕಪ್ಪು ವೈರ್ ಮಾತ್ರ ಉದ್ದಕ್ಕೆ ಸಿಕ್ಕಿತು. ಮೂರನ್ನೂ ಕಪ್ಪೇ ತಂದು, ಒಂದರ ತುದಿಗಳಿಗೆ ಬಿಳಿ ಟೇಪ್ ಸುತ್ತಿದೆ. ಇನ್‌ಸ್ಪೆಕ್ಟರ್ ಬಾಕ್ಸ್ ತೆರೆದು ಆ ಟೇಪಿನ ತುದಿಯನ್ನು ಉಗುರಲ್ಲಿ ಸ್ವಲ್ಪ ಎತ್ತಿ ನೋಡಿದರು. ಕೆಳಗೆ ಕಪ್ಪು. ಅಷ್ಟೇ, ಫೇಲ್ ಚೀಟಿ ಬರೆದರು. 6 ಗೇಜ್ ಮತ್ತು ಅದಕ್ಕಿಂತ ತೆಳು ವೈರ್‌ನಲ್ಲಿ ನ್ಯೂಟ್ರಲ್ ಉದ್ದಕ್ಕೂ ಬಿಳಿಯೇ ಇರಬೇಕು. ಟೇಪ್ ಸುತ್ತುವ ಅವಕಾಶ 4 ಗೇಜ್ ಮತ್ತು ಅದಕ್ಕಿಂತ ದಪ್ಪ ವೈರ್‌ಗೆ. ಕೂಡಿಸಿದ ಎಲ್ಲವನ್ನೂ ಬಿಚ್ಚಿ, ವೈರ್ ಹೊರಗೆಳೆದು, ಬಿಳಿ ವೈರ್ ತಂದು ಮತ್ತೆ ಎಳೆದೆ. ಒಂದು ಶನಿವಾರ ಪೂರ್ತಿ ಹೋಯಿತು.

## ಹಂತ 4: ಗುಂಡಿ ಮತ್ತು ಪೈಪು

ಪಿವಿಸಿ ಕಾಂಡ್ಯೂಟ್‌ನ ಮೇಲೆ ಕನಿಷ್ಠ 18 ಇಂಚು ಮಣ್ಣು ಕೂರಬೇಕು. ಗುಂಡಿಯ ಆಳ 18 ಅಲ್ಲ, ಪೈಪಿನ ತಲೆಯಿಂದ ನೆಲದವರೆಗೆ 18. ಹಾಗಾಗಿ 20-21 ಇಂಚು ಅಗೆಯಿರಿ. ಪೈಪಿಲ್ಲದೆ ನೇರ ಮಣ್ಣಲ್ಲಿ ಹೂಳುವ ಕೇಬಲ್ ಆದರೆ 24 ಇಂಚು. ನಾನಂತೂ ಪೈಪನ್ನೇ ಹೇಳುತ್ತೇನೆ. ಮುಂದೆ ವೈರ್ ಬದಲಿಸಬೇಕಾದರೆ ಹಿತ್ತಲು ಅಗೆಯಬೇಕಿಲ್ಲ.

ಪೈಪಿನ ಕೆಲಸ ಪೂರ್ತಿ ಮುಗಿಸಿ, ಅಂಟು ಒಣಗಿದ ಮೇಲೆ ವೈರ್ ಎಳೆಯಿರಿ. ಒಂದೊಂದು ತುಂಡು ಪೈಪನ್ನು ವೈರಿನ ಮೇಲೆ ಸರಿಸಿ ಅಂಟಿಸುತ್ತಾ ಹೋಗುವುದು ತಪ್ಪು. ಹಸಿ ಅಂಟು ಇನ್ಸುಲೇಷನ್‌ಗೆ ತಾಗುತ್ತದೆ. ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೆಂಡ್‌ಗಳೆಲ್ಲ ಸೇರಿ 360 ಡಿಗ್ರಿ ಮೀರಬಾರದು. ಅಂದರೆ ನಾಲ್ಕು ಲಂಬ ಬೆಂಡ್. ಮೂರಕ್ಕೇ ನಿಲ್ಲಿಸಿದರೆ ಎಳೆಯುವಾಗ ತೋಳಿಗೆ ಸುಖ.

ನೆಲದಿಂದ ಮೇಲೆ ಬರುವ ಪೈಪಿಗೆ ಹುಲ್ಲು ಕತ್ತರಿಸುವ ಮಷೀನು, ಮಕ್ಕಳ ಸೈಕಲ್ಲು ತಾಗುವ ಸಾಧ್ಯತೆ ಇದ್ದರೆ ಅಲ್ಲಿ ದಪ್ಪ ಗೋಡೆಯ ಶೆಡ್ಯೂಲ್ 80 ಹಾಕಿ. ಮುಕ್ಕಾಲು ಇಂಚಿನ ಶೆಡ್ಯೂಲ್ 80ರಲ್ಲಿ ಈ ನಾಲ್ಕು ವೈರ್ ನಿಯಮದ ಪ್ರಕಾರ ಹಿಡಿಸುವುದಿಲ್ಲ. ಅದಕ್ಕೇ ಮೇಲೆ 1 ಇಂಚು ಅಂದದ್ದು. ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬುವ ರಾಜ್ಯಗಳಲ್ಲಿ, ಮಿನ್ನೆಸೋಟ, ಮಿಷಿಗನ್ ಕಡೆ, ನೆಲದಿಂದ ಏಳುವಲ್ಲಿ ಎಕ್ಸ್‌ಪಾನ್ಷನ್ ಫಿಟ್ಟಿಂಗ್ (ಪೈಪು ಮೇಲೆ ಕೆಳಗೆ ಸರಿಯಲು ಬಿಡುವ ಜೋಡಣೆ) ಇಲ್ಲದಿದ್ದರೆ ಪೈಪು ಬಾಕ್ಸನ್ನೇ ಗೋಡೆಯಿಂದ ಕೀಳಬಲ್ಲದು.

ಇನ್‌ಸ್ಪೆಕ್ಟರ್ ನೋಡುವ ತನಕ ಗುಂಡಿ ಮುಚ್ಚಬೇಡಿ. ಮುಚ್ಚಿದರೆ ಮತ್ತೆ ಅಗೆಸುತ್ತಾರೆ. ಮುಚ್ಚುವಾಗ ಚೂಪು ಕಲ್ಲು ಆರಿಸಿ ತೆಗೆಯಿರಿ. ಪೈಪಿಗಿಂತ ಒಂದಡಿ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಟೇಪ್ ಹಾಸಿದರೆ ಮುಂದೆ ಅಗೆಯುವವರ ಜೀವ ಉಳಿಯುತ್ತದೆ.

## ಹಂತ 5: ಬಾಕ್ಸ್ ಕೂರಿಸಿ, ವೈರ್ ಎಳೆಯಿರಿ

ಬಾಕ್ಸನ್ನು ಗೋಡೆಯ ಗಟ್ಟಿ ಮರಕ್ಕೆ ಸ್ಕ್ರೂ ಮಾಡಿ. ಸೈಡಿಂಗ್‌ಗೆ, ಅಂದರೆ ಗೋಡೆಯ ಹೊರ ಹೊದಿಕೆಗೆ, ಮಾತ್ರ ಹೊಡೆದರೆ ಒಂದೆರಡು ವರ್ಷದಲ್ಲಿ ಜೋತುಬೀಳುತ್ತದೆ. ಪೈಪು ಕೆಳಗಿನಿಂದಲೇ ಬಾಕ್ಸ್ ಸೇರಲಿ. ತಲೆಯ ಮೇಲೆ ತೂತು ಕೊರೆದರೆ ಮಳೆ ನೀರು ನೇರ ಬ್ರೇಕರ್ ಮೇಲೆ ಇಳಿಯುತ್ತದೆ. ಮನೆಯೊಳಗಿನಿಂದ ಬರುವ ಪೈಪಿನ ಬಾಯಿಗೆ ಡಕ್ಟ್ ಸೀಲ್ ಮೆತ್ತಿ. ಇಲ್ಲದಿದ್ದರೆ ಚಳಿಗಾಲದಲ್ಲಿ ಒಳಗಿನ ಬೆಚ್ಚಗಿನ ಗಾಳಿ ಪೈಪಿನಲ್ಲಿ ಬಂದು ತಣ್ಣನೆಯ ಬಾಕ್ಸಿನಲ್ಲಿ ನೀರಾಗುತ್ತದೆ.

ಮನೆಯೊಳಗೆ ಬಳಸುವ ಎನ್‌ಎಂ ಕೇಬಲ್ಲನ್ನು ಹೊರಗಿನ ಪೈಪಿನಲ್ಲಿ ಹಾಕಬೇಡಿ. ಪೈಪು ಮುಚ್ಚಿದ್ದರೂ ಹೊರಗಿನ ಪೈಪಿನ ಒಳಗು ಒದ್ದೆ ಜಾಗ ಅಂತಲೇ ಲೆಕ್ಕ. ಎರಡೂ ಕಡೆ ಒಂದೆರಡು ಅಡಿ ವೈರ್ ಜಾಸ್ತಿ ಬಿಡಿ. ಕಡಿದ ವೈರನ್ನು ಉದ್ದ ಮಾಡಲಾಗುವುದಿಲ್ಲ.

ಈ ಹೊತ್ತಿಗೆ ಮೇನ್ ಪ್ಯಾನೆಲ್‌ನಲ್ಲಿ ಏನನ್ನೂ ಕೂಡಿಸಿರಬಾರದು. ವೈರಿನ ಆ ತುದಿ ಪ್ಯಾನೆಲ್‌ನ ಹೊರಗೆ, ಟೇಪ್ ಸುತ್ತಿ, ಸುರುಳಿಯಾಗಿ ಇರಲಿ. ಟಬ್ಬಿನಿಂದ ಹಿಂದಕ್ಕೆ ಕೆಲಸ ಮಾಡುತ್ತಾ ಬಂದು, ಕರೆಂಟಿನ ಮೂಲವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟುವುದು. ಈ ಒಂದು ಕ್ರಮ ಪಾಲಿಸಿದರೆ ಟಬ್ಬಿನಲ್ಲೂ ಬಾಕ್ಸಿನಲ್ಲೂ ಕೂಡಿಸುವಾಗ ಶಾಕ್ ಹೊಡೆಯುವ ದಾರಿಯೇ ಇರುವುದಿಲ್ಲ.

## ಹಂತ 6: ಟಬ್ಬಿನ ಕಡೆ

ಟಬ್ಬಿನ ಕಂಟ್ರೋಲ್ ಪೆಟ್ಟಿಗೆಯಲ್ಲಿ ಯಾವ ಸ್ಕ್ರೂಗೆ ಯಾವ ಬಣ್ಣ ಅಂತ ಮುಚ್ಚಳದ ಒಳಗೆ ಚಿತ್ರ ಇರುತ್ತದೆ. ಹಾಗೇ ಮಾಡಿ. ಕಪ್ಪು, ಕೆಂಪು ಅದಲು ಬದಲಾದರೆ ತೊಂದರೆ ಇಲ್ಲ. ಬಿಳಿ ಮತ್ತು ಕೆಂಪು ಅದಲು ಬದಲಾದರೆ 120 ವೋಲ್ಟಿನ ಭಾಗಕ್ಕೆ 240 ನುಗ್ಗಿ ಬೋರ್ಡ್ ಸುಟ್ಟುಹೋಗುತ್ತದೆ. ವೈರಿನ ಎಳೆಗಳಲ್ಲಿ ಒಂದೂ ಹೊರಗೆ ಉಳಿಯಬಾರದು.

## ಹಂತ 7: ಡಿಸ್‌ಕನೆಕ್ಟ್ ಬಾಕ್ಸಿನ ಒಳಗೆ

ಫೋನ್ ಬರುವುದೆಲ್ಲ ಈ ಹಂತಕ್ಕೇ. ನಿಧಾನವಾಗಿ ಓದಿ.

ಬಾಕ್ಸಿನ ಒಳಗೆ ನಾಲ್ಕು ಜಾಗ ಗುರುತಿಸಿ. ಮೇನ್ ಪ್ಯಾನೆಲ್‌ನಿಂದ ಬರುವ ಎರಡು ಜೀವಂತ ವೈರ್‌ಗೆ ಲೈನ್ ಲಗ್‌ಗಳು, ಅಂದರೆ ದಪ್ಪ ವೈರ್ ಬಿಗಿಯುವ ಜಾಗಗಳು. ನ್ಯೂಟ್ರಲ್ ಬಾರ್, ಅಂದರೆ ಬಿಳಿ ವೈರ್‌ಗಳ ಪಟ್ಟಿ. ಗ್ರೌಂಡ್ ಬಾರ್, ಅಂದರೆ ಹಸಿರು ಅರ್ತ್ ವೈರ್‌ಗಳ ಪಟ್ಟಿ. ಮತ್ತೆ ಬ್ರೇಕರ್‌ನ ಮೇಲೇ ಇರುವ ಮೂರು ಸ್ಕ್ರೂಗಳು: ಟಬ್ ಕಡೆಯ ಜೀವಂತ ವೈರ್‌ಗೆ ಎರಡು ಲೋಡ್ ಹಾಟ್, ಟಬ್ ಕಡೆಯ ಬಿಳಿಗೆ ಒಂದು ಲೋಡ್ ನ್ಯೂಟ್ರಲ್. ಬ್ರೇಕರ್‌ನಿಂದಲೇ ಹೊರಟ, ಸ್ಪ್ರಿಂಗ್‌ನಂತೆ ಸುತ್ತಿಕೊಂಡ ಒಂದು ಬಿಳಿ ವೈರ್ ಇರುತ್ತದೆ. ಅದನ್ನು ಪಿಗ್‌ಟೇಲ್ ಅನ್ನುತ್ತಾರೆ.

ಈಗ ಕೂಡಿಸುವ ಕ್ರಮ:

1. ಎರಡೂ ಹಸಿರು ವೈರ್, ಮನೆಯಿಂದ ಬಂದದ್ದು ಮತ್ತು ಟಬ್‌ಗೆ ಹೋಗುವುದು, ಗ್ರೌಂಡ್ ಬಾರ್‌ಗೆ.
2. ಮನೆಯಿಂದ ಬಂದ ಬಿಳಿ ನ್ಯೂಟ್ರಲ್ ಬಾರ್‌ಗೆ.
3. ಬ್ರೇಕರ್‌ನ ಸುರುಳಿ ಪಿಗ್‌ಟೇಲ್ ಅದೇ ನ್ಯೂಟ್ರಲ್ ಬಾರ್‌ಗೆ.
4. ಟಬ್‌ಗೆ ಹೋಗುವ ಬಿಳಿ ಬ್ರೇಕರ್‌ನ ಲೋಡ್ ನ್ಯೂಟ್ರಲ್ ಸ್ಕ್ರೂಗೆ. ಬಾರ್‌ಗೆ ಅಲ್ಲ.
5. ಟಬ್‌ಗೆ ಹೋಗುವ ಕಪ್ಪು, ಕೆಂಪು ಬ್ರೇಕರ್‌ನ ಎರಡು ಲೋಡ್ ಸ್ಕ್ರೂಗೆ.
6. ಮನೆಯಿಂದ ಬಂದ ಕಪ್ಪು, ಕೆಂಪು ಲೈನ್ ಲಗ್‌ಗಳಿಗೆ.

ನಾಲ್ಕನೆಯದರಲ್ಲಿ ಎಲ್ಲರೂ ಎಡವುತ್ತಾರೆ. ಬಿಳಿಗಳೆಲ್ಲ ಒಂದೇ ಕಡೆ ಇರಬೇಕು ಅಂತ ಅನಿಸುವುದು ಸಹಜ. ಆದರೆ ಜಿಎಫ್‌ಸಿಐ ಕೆಲಸ ಮಾಡುವ ಬಗೆ ಹೀಗಿದೆ: ಹೋದ ಕರೆಂಟ್ ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ಅದು ಲೆಕ್ಕ ನೋಡುತ್ತಿರುತ್ತದೆ. ಸುಮಾರು 5 ಮಿಲಿಆಂಪ್ ವ್ಯತ್ಯಾಸ ಕಂಡರೆ ಸಾಕು, ಯಾರದೋ ಮೈಮೂಲಕ ಹೋಗುತ್ತಿದೆ ಅಂತ ತಿಳಿದು ಕಡಿಯುತ್ತದೆ. ಟಬ್ಬಿನ ಬಿಳಿ ವೈರನ್ನು ನೇರ ಬಾರ್‌ಗೆ ಕೊಟ್ಟರೆ, ವಾಪಸ್ ಬರುವ ಕರೆಂಟ್ ಬ್ರೇಕರ್‌ನ ಕಣ್ಣು ತಪ್ಪಿಸಿ ಹೋಗುತ್ತದೆ. 120 ವೋಲ್ಟಿನ ಚಿಕ್ಕ ಪಂಪೋ ದೀಪವೋ ಶುರುವಾದ ಕ್ಷಣ ಲೆಕ್ಕ ತಪ್ಪಿ ಟ್ರಿಪ್.

ಗೆಳೆಯರೊಬ್ಬರ ಮನೆಯಲ್ಲಿ ಬ್ರೇಕರ್ ಕೆಟ್ಟಿದೆ ಅಂತ ಎರಡು ಸಲ ಹೊಸದು ತಂದು ಹಾಕಿದ್ದರು. ಮುಚ್ಚಳ ತೆಗೆದು ನೋಡಿದರೆ ಬಾರ್‌ನಲ್ಲಿ ಮೂರು ಬಿಳಿ ತುದಿಗಳು ಸಾಲಾಗಿ ಕೂತಿದ್ದವು. ಬ್ರೇಕರ್‌ನ ನಡುವಿನ ಸ್ಕ್ರೂ ಫ್ಯಾಕ್ಟರಿಯಿಂದ ಬಂದಂತೆ ಮಿರಮಿರ ಹೊಳೆಯುತ್ತಿತ್ತು. ಮೇನ್ ಆಫ್ ಮಾಡಿ, ಮೀಟರ್ ಹಿಡಿದು ನೋಡಿ, ಒಂದು ವೈರ್ ಅಲ್ಲಿಗೆ ಬದಲಿಸಿದೆವು. ಆಮೇಲೆ ಟ್ರಿಪ್ ಆಗಲಿಲ್ಲ.

ಮೂರು ವೈರಿನ ಟಬ್ ಆದರೆ ಟಬ್‌ಗೆ ಬಿಳಿ ಹೋಗುವುದಿಲ್ಲ, ಬ್ರೇಕರ್‌ನ ಲೋಡ್ ನ್ಯೂಟ್ರಲ್ ಸ್ಕ್ರೂ ಖಾಲಿ ಉಳಿಯುತ್ತದೆ. ಆದರೂ ಮನೆಯಿಂದ ಬಾಕ್ಸ್‌ವರೆಗೆ ಬಿಳಿ ಬರಲೇಬೇಕು, ಪಿಗ್‌ಟೇಲ್ ಬಾರ್‌ಗೆ ಹೋಗಲೇಬೇಕು. ಬ್ರೇಕರ್‌ನ ಒಳಗಿನ ಎಲೆಕ್ಟ್ರಾನಿಕ್ಸ್‌ಗೇ ಆ ನ್ಯೂಟ್ರಲ್ ಬೇಕು.

ಇನ್ನೊಂದು ದೊಡ್ಡ ತಪ್ಪು ನ್ಯೂಟ್ರಲ್ ಬಾರ್ ಮತ್ತು ಗ್ರೌಂಡ್ ಬಾರ್ ಕೂಡಿಸುವುದು. ಮನೆಯ ಮೇನ್ ಪ್ಯಾನೆಲ್‌ನಲ್ಲಿ ಎರಡೂ ಸೇರಿರುವುದನ್ನು ನೋಡಿ ಇಲ್ಲೂ ಹಾಗೇ ಮಾಡುತ್ತಾರೆ. ಇಲ್ಲಿ ಕೂಡದು. ಬಾಕ್ಸಿನ ಜೊತೆ ಹಸಿರು ಬಾಂಡಿಂಗ್ ಸ್ಕ್ರೂ ಅಥವಾ ಪಟ್ಟಿ ಬಂದಿದ್ದರೆ ಅದನ್ನು ಹಾಕಬೇಡಿ. ಹಾಕಿದರೆ ನ್ಯೂಟ್ರಲ್‌ನ ಕರೆಂಟ್ ಗ್ರೌಂಡ್ ವೈರಿನಲ್ಲೂ, ಟಬ್ಬಿನ ಲೋಹದ ಭಾಗಗಳಿಗೆ ಕೂಡಿರುವ ಅದೇ ವೈರಿನಲ್ಲೂ, ಹರಿಯತೊಡಗುತ್ತದೆ.

ಕೊನೆಗೆ ಬಿಗಿ. ಪ್ರತಿ ಸ್ಕ್ರೂಗೆ ಎಷ್ಟು ಇಂಚು-ಪೌಂಡ್ ಅಂತ ಬಾಕ್ಸ್ ಅಥವಾ ಬ್ರೇಕರ್ ಲೇಬಲ್‌ನಲ್ಲಿ ಬರೆದಿರುತ್ತದೆ. ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಅಷ್ಟೇ ಬಿಗಿ ಮಾಡಿ. ಆಮೇಲೆ ಒಂದೊಂದೇ ವೈರ್ ಹಿಡಿದು ಜಗ್ಗಿ. ಅಲುಗಾಡಿದರೆ ಬಿಚ್ಚಿ ಮತ್ತೆ ಕೂರಿಸಿ.

## ಹಂತ 8: ಮೇನ್ ಪ್ಯಾನೆಲ್

ಇಲ್ಲಿ ನನ್ನ ಸಲಹೆ ಒಂದೇ: ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಬ್ರೇಕರ್ ಆಫ್ ಮಾಡಿದರೂ ಮೀಟರ್‌ನಿಂದ ಅದಕ್ಕೆ ಬರುವ ದಪ್ಪ ವೈರ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದರ ಹಿಂದೆ ನಿಮ್ಮನ್ನು ಕಾಪಾಡಲು ಮನೆಯಲ್ಲಿ ಯಾವ ಬ್ರೇಕರ್ರೂ ಇಲ್ಲ. ಗುಂಡಿ, ಪೈಪು, ಬಾಕ್ಸ್ ನೀವೇ ಮಾಡಿ ದುಡ್ಡು ಉಳಿಸಿದ್ದೀರಿ. ಈ ಸ್ವಲ್ಪ ಕೆಲಸಕ್ಕೆ ಖರ್ಚು ಮಾಡಿ. ನೀವು ಕೂಡಿಸಿದ ಬಾಕ್ಸನ್ನೂ ಒಮ್ಮೆ ನೋಡಿ ಅಂತ ಅವರಿಗೆ ಹೇಳಿ.

ಅವರು ಹಾಕಬೇಕಾದದ್ದು ಸಾದಾ 50 ಆಂಪ್ ಡಬಲ್ ಪೋಲ್ ಬ್ರೇಕರ್. ಜಿಎಫ್‌ಸಿಐ ಹೊರಗಿನ ಬಾಕ್ಸಿನಲ್ಲಿ ಇದ್ದೇ ಇದೆ, ಎರಡು ಕಡೆ ಬೇಡ.

## ಹಂತ 9: ಮೊದಲ ಸಲ ಕರೆಂಟ್ ಕೊಡುವುದು

ಟಬ್‌ಗೆ ಮೊದಲು ನೀರು ತುಂಬಿಸಿ. ಖಾಲಿ ಟಬ್‌ಗೆ ಕರೆಂಟ್ ಕೊಟ್ಟರೆ ಹೀಟರ್, ಪಂಪು ಎರಡೂ ಹಾಳಾಗುತ್ತವೆ.

ಹೊರಗಿನ ಬಾಕ್ಸಿನ ಬ್ರೇಕರ್ ಆಫ್ ಇರಲಿ. ಮೇನ್ ಪ್ಯಾನೆಲ್‌ನ 50 ಆಂಪ್ ಆನ್ ಮಾಡಿ. ಎಲೆಕ್ಟ್ರಿಷಿಯನ್ ಇರುವಾಗಲೇ, ಒಣಗಿದ ನೆಲದ ಮೇಲೆ ನಿಂತು ಬಾಕ್ಸಿನಲ್ಲಿ ಅಳೆಯುವುದು ಒಳ್ಳೆಯದು. ಕಪ್ಪು-ಕೆಂಪು ನಡುವೆ ಸುಮಾರು 240. ಕಪ್ಪು-ಬಿಳಿ 120, ಕೆಂಪು-ಬಿಳಿ 120. ಬಿಳಿ-ಹಸಿರು ಸೊನ್ನೆಯ ಹತ್ತಿರ. ಒಂದು ಕಡೆ 90, ಇನ್ನೊಂದು ಕಡೆ 150 ಥರ ಬಂದರೆ ನ್ಯೂಟ್ರಲ್ ಎಲ್ಲೋ ಲೂಸ್ ಇದೆ. ಟಬ್ ಆನ್ ಮಾಡಲೇಬೇಡಿ, ಬೋರ್ಡ್ ಸುಡುತ್ತದೆ.

ಎಲ್ಲ ಸರಿ ಇದ್ದರೆ ಮುಚ್ಚಳ ಹಾಕಿ, ಜಿಎಫ್‌ಸಿಐ ಬ್ರೇಕರ್ ಆನ್ ಮಾಡಿ. ಟಬ್ ಶುರುವಾಗಲಿ. ಆಮೇಲೆ ಟೆಸ್ಟ್ ಬಟನ್ ಒತ್ತಿ. ತಕ್ಷಣ ಟ್ರಿಪ್ ಆಗಿ ಟಬ್ ಪೂರ್ತಿ ಆಫ್ ಆಗಬೇಕು. ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಇನ್‌ಸ್ಪೆಕ್ಟರ್ ಕೊನೆಯ ಸಹಿ ಹಾಕುವ ತನಕ ಯಾರೂ ನೀರಿಗೆ ಇಳಿಯಬೇಡಿ.

## ತೊಂದರೆ ಬಂದಾಗ ಓದುವ ಭಾಗ

ಆನ್ ಮಾಡಿದ ಕೂಡಲೇ ಟ್ರಿಪ್. ಏಳನೇ ಹಂತದ ಬಿಳಿ ವೈರ್ ನೋಡಿ. ಸರಿ ಇದ್ದರೆ, ಎರಡೂ ಬ್ರೇಕರ್ ಆಫ್ ಮಾಡಿ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡು, ಟಬ್‌ಗೆ ಹೋಗುವ ಮೂರೂ ವೈರನ್ನು ಬ್ರೇಕರ್‌ನಿಂದ ಬಿಚ್ಚಿ, ತುದಿಗಳಿಗೆ ವೈರ್ ನಟ್ ಹಾಕಿ ಆನ್ ಮಾಡಿ. ಆಗ ಬ್ರೇಕರ್ ಬೀಳದೆ ಆನ್ ಉಳಿದರೆ ತೊಂದರೆ ಟಬ್ಬಿನಲ್ಲೋ ಆ ವೈರಿನಲ್ಲೋ ಇದೆ. ಆಗಲೂ ಟ್ರಿಪ್ ಆದರೆ ಬಾಕ್ಸಿನಲ್ಲಿದೆ.

ಕೆಲವು ನಿಮಿಷ ನಡೆದು, ಬಿಸಿಯಾಗಲು ಶುರುವಾದಾಗ ಟ್ರಿಪ್. ಹೀಟರ್ ಎಲಿಮೆಂಟ್‌ನಿಂದ ಕರೆಂಟ್ ಸೋರುತ್ತಿರುವ ಸಾಧ್ಯತೆ ಜಾಸ್ತಿ. ಟಬ್ ಕಂಪನಿಯ ಸರ್ವೀಸ್‌ನವರನ್ನು ಕರೆಸಿ.

ಮಳೆ ಬಂದ ಮರುದಿನ ಮಾತ್ರ ಟ್ರಿಪ್. ಬಾಕ್ಸ್ ಅಥವಾ ಪೈಪಿಗೆ ನೀರು ಇಳಿಯುತ್ತಿದೆ.

ಟೆಸ್ಟ್ ಬಟನ್ ಒತ್ತಿದರೂ ಬೀಳುತ್ತಿಲ್ಲ. ಟಬ್ ಚೆನ್ನಾಗೇ ನಡೆಯುತ್ತಿದೆ ಅಂತ ಸುಮ್ಮನಾಗಬೇಡಿ, ಇದು ಎಲ್ಲಕ್ಕಿಂತ ಅಪಾಯ. ಪಿಗ್‌ಟೇಲ್ ಬಿಟ್ಟುಹೋಗಿದೆ ಅಥವಾ ಬ್ರೇಕರ್ ಕೆಟ್ಟಿದೆ. ಸರಿಯಾಗುವ ತನಕ ಟಬ್ ಬಳಸಬೇಡಿ.

ಬಾಕ್ಸ್ ಮುಟ್ಟಿದರೆ ಬಿಸಿ, ಸುಟ್ಟ ಪ್ಲಾಸ್ಟಿಕ್ ವಾಸನೆ, ಗುಂಯ್ ಸದ್ದು. ಸ್ಕ್ರೂ ಲೂಸ್ ಇದೆ. ಬಾಕ್ಸ್ ತೆರೆಯಲು ಹೋಗಬೇಡಿ, ಮನೆಯೊಳಗಿನ ಮೇನ್ ಪ್ಯಾನೆಲ್‌ನಲ್ಲೇ ಆಫ್ ಮಾಡಿ.

ನೀರು ಮುಟ್ಟಿದಾಗ ಜುಮ್ ಅನ್ನುತ್ತದೆ. ಇದಕ್ಕೆ ರಿಪೇರಿ ಪ್ರಯೋಗ ಬೇಡ. ಎಲ್ಲರನ್ನೂ ಹೊರಗೆ ಕರೆದು, ಟಬ್ಬನ್ನು ಮುಟ್ಟದೆ ಮನೆಯೊಳಗೆ ಆಫ್ ಮಾಡಿ. ಕಾರಣ ನಿಮ್ಮ ಟಬ್ಬಿನ ಹೊರಗೂ ಇರಬಹುದು, ಕರೆಂಟ್ ಕಂಪನಿಗೂ ಫೋನ್ ಮಾಡಿ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಮುಚ್ಚಳ ಹಾಕಿ ಬೀಗ ಹಾಕಿ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಮೇನ್ ಪ್ಯಾನೆಲ್ ಮತ್ತು ಹೊರಗಿನ ಬಾಕ್ಸ್ ಎರಡರಲ್ಲೂ ಹಾಟ್ ಟಬ್ ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿ, ರಿಪೇರಿಗೆ ಬರುವವರಿಗೂ ತಿಳಿಯಬೇಕಲ್ಲ. ಆಫ್ ಮಾಡುವುದು ಹೇಗೆ ಅಂತ ಮನೆಯಲ್ಲಿ ದೊಡ್ಡವರಿಗೆಲ್ಲ ಒಂದು ಸಲ ಕೈಯಲ್ಲೇ ಮಾಡಿಸಿ. ಊರಿಂದ ಅಪ್ಪ-ಅಮ್ಮ ಬಂದು ಇದ್ದಾರೆ ಅಂದ್ರೆ ಅವರಿಗೂ.